ನಿಟ್ಟೂರಿನ ಇಸ್ಕೂಲಮ್ಮ

ಮೊನ್ನೆ ದೊಡ್ಡ ಮೊಮ್ಮಗಳು ತಲೆಗೆ ಹಚ್ಚಿಕೊಳ್ಳಲು ಹರಳೆಣ್ಣೆಯ ಸೀಸೆ ತಂದು, ಮೂಗು ಮುಚ್ಚಿಕೊಂಡೇ ಮುಚ್ಚಳ ತೆಗೆದಳು. ಅಷ್ಟೇನೂ ಕೆಟ್ಟ ವಾಸನೆಯಲ್ಲ ಕಣೇ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ನನ್ನ ಮನಸ್ಸು ತುಮಕೂರಿನ ಕಾಲೇಜಿನ ಸಭಾಂಗಣಕ್ಕೆ ಹೋಗಿಬಿಟ್ಟಿತ್ತು. ನಿಮಗೆ ಹೇಳದ ಒಂದು ಸಂಗತಿ ಇದೆ ಮಕ್ಕಳೇ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ಆ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದರು. ಅವರು ತೀರಿಹೋದ ಮೇಲೆ ಅನುಕಂಪದಿಂದ ಆ ಕೆಲಸವನ್ನು ನನಗೆ ಕೊಟ್ಟರು. ಎಪ್ಪತ್ತರ ದಶಕದ ಮಾತು. ನಾನು ಓದಿದ್ದು ಗುಬ್ಬಿ ಕಡೆಯ ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ತುಮಕೂರಿನ ಬಟವಾಡಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಮಾಡಿದೆ. ನಿಮ್ಮ ಅಮ್ಮ ಆಗ ಚಿಕ್ಕವಳು, ನಿಟ್ಟೂರಿನಲ್ಲಿ ಅವಳ ಅಜ್ಜಿ, ಅಂದರೆ ನನ್ನ ಅತ್ತೆಯ ಹತ್ತಿರ ಇದ್ದಳು. ಮೇಷ್ಟ್ರುಗಳು ಎದುರಿಗೆ ಬಂದರೆ ನಾನು ಗೋಡೆಗೆ ಅಂಟಿ ನಿಲ್ಲುತ್ತಿದ್ದೆ. ಹುಡುಗಿಯರು ನನಗೆ ಗೋಡೆಯಕ್ಕ ಎಂದು ಹೆಸರಿಟ್ಟಿದ್ದರು. ಗೋಡೆಯಕ್ಕ, ಚಾಕ್‌ಪೀಸ್ ಕೊಡಿ ಎಂದರೆ ನಾನೂ ಓ ಎನ್ನುತ್ತಿದ್ದೆ.

ಸಭಾಂಗಣದ ವೇದಿಕೆಯ ಮೇಲೆ ವಿಶ್ವವಿದ್ಯಾಲಯದ ಲಾಂಛನ ಇತ್ತು. ಹಲಸಿನ ಮರದಲ್ಲಿ ಕೆತ್ತಿದ್ದು, ಒಂದೂವರೆ ಮೊಳ ಅಗಲ. ಮಧ್ಯದಲ್ಲಿ ಕಾಲು ಮಡಿಸಿ ಕೂತ ಹೆಂಗಸು, ಒಂದು ಕೈಯಲ್ಲಿ ದೀಪ, ತೊಡೆಯ ಮೇಲೆ ಓಲೆಗರಿಯ ಕಟ್ಟು, ಪಕ್ಕದಲ್ಲಿ ಒಂದು ನವಿಲು. ಕೆಳಗೆ ವಿಶ್ವವಿದ್ಯಾಲಯದ ಹೆಸರು ಕನ್ನಡ ಅಕ್ಷರದಲ್ಲಿ. ಕಾಲೇಜು ಡೇ ಬಂದರೆ ನಿಮ್ಮ ತಾತ ಅದಕ್ಕೆ ಹರಳೆಣ್ಣೆ ಒರೆಸುತ್ತಿದ್ದರಂತೆ. ನಾನೂ ಅದನ್ನೇ ಮುಂದುವರಿಸಿದೆ. ನವಿಲಿನ ಕತ್ತಿನ ಸಂದಿಗೆ ಬೆರಳು ಹೋಗುತ್ತಿರಲಿಲ್ಲ, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಬೇಕಾಗಿತ್ತು.

ಒಂದು ವರ್ಷ ಮೇಲಿನವರಿಗೆ ಇದೆಲ್ಲ ಹಳೆಯದು ಅನ್ನಿಸಿತು. ವಿಶ್ವವಿದ್ಯಾಲಯದ ಹೆಸರು ಬದಲಾಯಿತು, ಲಾಂಛನ ಬದಲಾಯಿತು. ಹೊಸದರಲ್ಲಿ ಒಂದು ಚಕ್ರ, ಅದರೊಳಗಿಂದ ಹೊರಟ ಒಂದು ಬಾಣ. ಹಿಟ್ಟಿನ ಗಿರಣಿಯ ಬೋರ್ಡಿನ ಹಾಗೆ ಕಾಣುತ್ತಿತ್ತು. ತುಮಕೂರು, ಗುಬ್ಬಿ, ಕುಣಿಗಲ್, ಎಲ್ಲ ಕಡೆಯ ಕಾಲೇಜಿಗೂ ಆರ್ಡರ್ ಬಂತು. ಹಳೆ ಗುರುತಿರುವ ಸೀಲು, ಬೋರ್ಡು, ಕಾಗದ ಎಲ್ಲವನ್ನೂ ಸುಟ್ಟು, ರಿಜಿಸ್ಟರಿನಲ್ಲಿ ಸಹಿ ಮಾಡಬೇಕು ಎಂದು.

ಸೂಪರಿಂಟೆಂಡೆಂಟ್ ರುದ್ರಪ್ಪನವರು ಹಿತ್ತಲಿನಲ್ಲಿ ಎಲ್ಲವನ್ನೂ ರಾಶಿ ಹಾಕಿಸಿ, ಬೆಂಕಿ ಹಚ್ಚಮ್ಮ, ನಾನು ಈಗ ಬಂದೆ ಎಂದು ಕಾಫಿಗೆ ಹೋದರು. ನಾನು ಕಡ್ಡಿಪೆಟ್ಟಿಗೆ ಹಿಡಿದು ನಿಂತೆ. ನಮ್ಮ ಮನೆಯಲ್ಲಿ ಅಕ್ಷರವಿದ್ದ ಕಾಗದವನ್ನು ಒಲೆಗೆ ಹಾಕುತ್ತಿರಲಿಲ್ಲ. ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಹರಿದ ಪುಸ್ತಕವಾದರೆ ಕೆರೆಗೆ ಬಿಡಬೇಕು. ಇಷ್ಟು ಕಾಗದವನ್ನು ಹೊತ್ತು ಕೆರೆಗೆ ಹೋದರೆ ಕೆಲಸ ಹೋಗುತ್ತದೆ. ಕಣ್ಣು ಮುಚ್ಚಿ ಕಾಗದಕ್ಕೆ ಹಚ್ಚಿದೆ. ಆದರೆ ಆ ಹೆಂಗಸನ್ನು ಎತ್ತಿ ಬೆಂಕಿಗೆ ಹಾಕಲು ಕೈ ಬರಲಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಅಡಗಿಸಿಟ್ಟು ಬಂದು, ರುದ್ರಪ್ಪನವರು ತೋರಿಸಿದ ಜಾಗದಲ್ಲಿ ಸಹಿ ಮಾಡಿದೆ. "ಎಲ್ಲವನ್ನೂ ನಾಶಪಡಿಸಲಾಗಿದೆ." ಅವರೂ ಕೆಳಗೆ ಸಹಿ ಮಾಡಿದರು.

ಆ ಶನಿವಾರ ಅದನ್ನು ಕಂಬಳಿಯಲ್ಲಿ ಸುತ್ತಿ ಪ್ಯಾಸೆಂಜರ್ ರೈಲು ಹತ್ತಿದೆ. ಪಕ್ಕದಲ್ಲಿ ಕೂತಾಕೆ ಏನವ್ವ ಅದು ಎಂದು ಕೇಳಿದರು. ಮಣೆ ಎಂದೆ. ಯಾವ ಗಂಡಿಗವ್ವ ಇಷ್ಟು ದೊಡ್ಡ ಮಣೆ ಎಂದು ಡಬ್ಬಿಯವರೆಲ್ಲ ನಕ್ಕರು.

ನಿಟ್ಟೂರಿನಲ್ಲಿ ಅದನ್ನು ಅಟ್ಟದ ಮೇಲಿಟ್ಟು ಬಂದೆ. ಮುಂದಿನ ವಾರ ಹೋಗಿ ನೋಡಿದರೆ ಅತ್ತೆ ಅದನ್ನು ದೇವರ ಗೂಡಿನ ಪಕ್ಕ ನಿಲ್ಲಿಸಿ ಅರಿಶಿನ ಕುಂಕುಮ ಇಟ್ಟಿದ್ದರು. ಇದು ದೇವರಲ್ಲ ಅತ್ತೆ, ಕಾಲೇಜಿನದು ಎಂದೆ. "ಬುಡು ಬುಡು. ದೀಪ ಹಿಡ್ಕಂಡವ್ಳೆ, ಪುಸ್ತಕ ಇಟ್ಕಂಡವ್ಳೆ. ನೀನು ಓದಿರೋಳು, ನಿಂಗೆ ಕಾಣಾಕಿಲ್ಲ" ಎಂದರು. ಅಂದಿನಿಂದ ಆಕೆ ಇಸ್ಕೂಲಮ್ಮ. ಅತ್ತೆ ಶುಕ್ರವಾರಕ್ಕೊಮ್ಮೆ ಹರಳೆಣ್ಣೆ ಸವರುವರು. ಪರೀಕ್ಷೆ ಬಂತೆಂದರೆ ಊರಿನ ತಾಯಂದಿರು ಮಕ್ಕಳನ್ನು ಕರೆತಂದು ಕೈ ಮುಗಿಸುವರು. ಪಾಸಾದವರು ಬಾಳೆಹಣ್ಣು ಇಡುವರು. ಫೇಲಾದವರು ಅತ್ತೆಯ ಮುಂದೆ ಸುಳಿಯುತ್ತಿರಲಿಲ್ಲ. ಎಣ್ಣೆ ಸಾಕಾಗ್ಲಿಲ್ಲ ಅಂತ ಅವರ ಅಮ್ಮಂದಿರೇ ಅತ್ತೆಯನ್ನು ದೂರುತ್ತಿದ್ದರು.

ನಾನು ನಗುತ್ತಿದ್ದೆ, ಆದರೆ ಹೊಟ್ಟೆಯೊಳಗೆ ಆ ಸಹಿ ಕುಳಿತಿತ್ತು.

ಎಂಬತ್ತರ ದಶಕದಲ್ಲಿ ಹೊಸ ಕುಲಪತಿಗಳು ಬಂದರು. ನಮ್ಮ ಗುರುತನ್ನು ನಾವೇ ಅಳಿಸಿಕೊಂಡೆವು, ಹಳೆಯ ಹೆಸರು, ಹಳೆಯ ಲಾಂಛನ ಎರಡೂ ಮತ್ತೆ ಬರಲಿ ಎಂದರಂತೆ. ಹೆಸರು ಬರೆದರೆ ಬಂತು. ಲಾಂಛನ ಎಲ್ಲಿಂದ ತರುವುದು? ಎಲ್ಲ ಕಾಲೇಜಿನವರೂ ಆರ್ಡರಿನಂತೆ ಸುಟ್ಟಿದ್ದರು. ಹಳೆಯ ಸರ್ಟಿಫಿಕೇಟುಗಳ ಮೇಲೆ ಉಳಿದ ಸೀಲಿನ ಗುರುತಿನಲ್ಲಿ ನವಿಲು ಕೋಳಿಯ ಹಾಗಿತ್ತು. ಯಾರ ಬಳಿಯಾದರೂ ಸರಿಯಾದ ಮಾದರಿ ಇದ್ದರೆ ತಿಳಿಸಿ ಎಂದು ಕಾಗದ ಬಂತು. ಪ್ರಿನ್ಸಿಪಾಲರ ಟೇಬಲ್ಲಿನ ಮೇಲೆ ಅದನ್ನು ಇಟ್ಟವಳು ನಾನೇ.

ಹೇಳಿದರೆ, ಸರ್ಕಾರಿ ರಿಜಿಸ್ಟರಿನಲ್ಲಿ ಸುಳ್ಳು ಬರೆದವಳು, ಸಾಮಾನು ಹೊತ್ತುಕೊಂಡು ಹೋದವಳು. ಕೆಲಸ ಹೋದರೆ ನಿಮ್ಮ ಅಮ್ಮನ ಓದು ಅಲ್ಲಿಗೆ ನಿಂತಂತೆ. ಅವಳಾಗ ಪಿಯುಸಿ. ಹೇಳದಿದ್ದರೆ ಕೋಳಿಯೇ ಲಾಂಛನವಾಗುತ್ತದೆ. ನನ್ನೊಬ್ಬಳ ಕತ್ತಾದರೆ ಪರವಾಗಿಲ್ಲ, ರುದ್ರಪ್ಪನವರ ಸಹಿಯೂ ಇತ್ತಲ್ಲ. ಅವರು ಕುಣಿಗಲ್ ಕಾಲೇಜಿಗೆ ವರ್ಗವಾಗಿದ್ದರು, ರಿಟೈರಾಗಲು ಕೆಲವೇ ತಿಂಗಳಿತ್ತು. ರಜೆ ಹಾಕಿ ಕುಣಿಗಲ್ ಬಸ್ಸು ಹತ್ತಿದೆ. ಆ ಊರಿನ ದೊಡ್ಡಕೆರೆ ಕಾಣುವಷ್ಟರಲ್ಲಿ ಮೂರು ಸಲ ಇಳಿದುಬಿಡೋಣ ಅನ್ನಿಸಿತ್ತು.

ಅವರ ಮುಂದೆ ನಿಂತು ನೆಲ ನೋಡಿಕೊಂಡೇ ಎಲ್ಲ ಹೇಳಿದೆ. ಅವರ ಮುಖದ ಬಣ್ಣ ಹೋಯಿತು.

"ಏನಮ್ಮ, ಪೆನ್ಷನ್ ಟೈಮಲ್ಲಿ ಬಂದು ಹೇಳ್ತಿದೀಯಲ್ಲ."

ತಪ್ಪಾಯ್ತು ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಿಂತು ಸುಡಿಸಬೇಕಾದೋನು ನಾನು. ಕಾಫಿ ಕುಡಿಯೋಕೆ ಹೋದೆ. ನೋಡದೇನೇ ಸಹಿ ಹಾಕ್ದೆ. ನಿಂದೊಂದು ಸುಳ್ಳು, ನಂದೊಂದು ಸುಳ್ಳು. ನಡಿ, ನಾಳೆ ನಾನೂ ಬರ್ತೀನಿ."

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಅವರೇ ಮೊದಲು ಬಾಯಿ ಬಿಟ್ಟರು. ಪ್ರಿನ್ಸಿಪಾಲರು ಕೇಳಿ ಮುಗಿಸಿದವರು ಬೈಯಲಿಲ್ಲ, ಎದ್ದು ನಿಂತರು. ಇದೆಯಾ, ನಿಜವಾಗಿಯೂ ಇದೆಯಾ ಎಂದು ಎರಡು ಸಲ ಕೇಳಿದರು. ಅದೇ ವಾರ ವಿಶ್ವವಿದ್ಯಾಲಯದ ಜೀಪು ನನ್ನನ್ನೂ ಕೂರಿಸಿಕೊಂಡು ನಿಟ್ಟೂರಿಗೆ ಹೋಯಿತು. ಚರಿತ್ರೆಯ ಪ್ರೊಫೆಸರೊಬ್ಬರು ಕುಂಕುಮದ ಅಡಿಯಿಂದ ಮೂಡಿದ ನವಿಲನ್ನು ನೋಡಿ, ಒಂದು ಗೆದ್ದಲು ಹತ್ತಿಲ್ಲ, ಒಂದು ಬಿರುಕು ಬಿಟ್ಟಿಲ್ಲ ಎಂದು ಬೆರಗಾದರು. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಕರ್ಕಂಡೋಗಿ, ಬ್ಯಾಡ ಅನ್ನಾಕಿಲ್ಲ. ನಿಮ್ಮೋರೇ ಸುಡಕ್ಕೋಗಿದ್ರಂತಲ್ಲ. ಅಲ್ಲಿ ಎಣ್ಣೆ ಸವರೋರು ಯಾರು?"

ಪ್ರೊಫೆಸರು ತಬ್ಬಿಬ್ಬಾಗಿ ನನ್ನ ಕಡೆ ನೋಡಿದರು. ಇಷ್ಟು ಜನರ ನಡುವೆ ನಾನು ಮೊದಲ ಸಲ ಗಟ್ಟಿಯಾಗಿ, ನಾನೇ ಸವರ್ತೀನಿ ಅತ್ತೆ ಎಂದೆ. ಅತ್ತೆ ಮಡಿಲು ತುಂಬಿದರು. ತಾಂಬೂಲ, ಬೆಲ್ಲ, ಕೊಬ್ಬರಿ ಸಮೇತ ಇಸ್ಕೂಲಮ್ಮ ಜೀಪು ಹತ್ತಿದಳು.

ಅದರ ಅಚ್ಚಿನಿಂದಲೇ ಎಲ್ಲ ಕಾಲೇಜಿಗೂ ಹೊಸ ಬೋರ್ಡು, ಹೊಸ ಸೀಲು ಆದವು. ಮೂಲದ್ದು ನಮ್ಮ ಸಭಾಂಗಣಕ್ಕೇ ವಾಪಸ್ಸು ಬಂತು, ಎಣ್ಣೆ ಸವರುವ ಕೆಲಸ ನನ್ನದೇ ಆಯಿತು. ನನ್ನ ಕೆಲಸ ಹೋಗಲಿಲ್ಲ. ರುದ್ರಪ್ಪನವರ ಪೆನ್ಷನ್ನೂ ನಿಲ್ಲಲಿಲ್ಲ. ಆದರೆ ನನಗೆ ಸಮಾಧಾನವಿರಲಿಲ್ಲ. ಆ ರಿಜಿಸ್ಟರಿನ ಸಾಲು ಹೊಡೆದು ಹಾಕಿ ಎಂದು ಪ್ರಿನ್ಸಿಪಾಲರನ್ನು ಬೇಡಿದೆ. ಹಳೆಯದನ್ನು ಅಳಿಸಿ ಅಳಿಸಿಯೇ ಇಷ್ಟೆಲ್ಲ ಆದದ್ದಮ್ಮ, ಕೆಳಗೆ ನಿಜ ಬರೆ ಎಂದು ಪೆನ್ನು ಕೊಟ್ಟರು. ಬರೆದೆ. "ಮೇಲಿನದು ನಿಜವಲ್ಲ. ಲಾಂಛನವನ್ನು ನಾನು ಸುಡಲಿಲ್ಲ." ಅಂದು ಬಟವಾಡಿಯ ಮನೆಗೆ ಬಂದು ಚಾಪೆ ಹಾಸದೆಯೇ ನೆಲದ ಮೇಲೆ ಮಲಗಿ, ಸಂಜೆಯವರೆಗೂ ನಿದ್ದೆ ಮಾಡಿದೆ.

ಇಸ್ಕೂಲಮ್ಮನ ಕಥೆ ನಿಮ್ಮ ಅಮ್ಮನಿಗೆ ಗೊತ್ತು. ಸುಳ್ಳು ಸಹಿಯ ವಿಷಯ ಮಾತ್ರ ಇವತ್ತಿನವರೆಗೂ ಹೇಳಿರಲಿಲ್ಲ, ತಾಯಿ ಅಂಥವಳು ಅನ್ನಿಸಿಬಿಡಬಾರದೆಂದು. ಈಗ ಬರೆದು ಮುಗಿಸಿದ ಮೇಲೆ ಅದೇನೂ ಅಷ್ಟು ದೊಡ್ಡದಾಗಿ ಕಾಣುತ್ತಿಲ್ಲ. ಊಟಕ್ಕೆ ಕೂತಾಗ ಅವಳ ಕೈಗೆ ಕೊಡುತ್ತೇನೆ. ಗಟ್ಟಿಯಾಗಿ ಓದಲಿ, ಎಲ್ಲರೂ ಕೇಳಿ. ಕೆಳಗೆ ಸಹಿ ಹಾಕಿದ್ದೇನೆ, ಈ ಸಲ ಮೊದಲಿನಿಂದ ಕೊನೆಯವರೆಗೂ ಓದಿಕೊಂಡು.