ಪ್ಲಾಸ್ಟರಿನ ಬಾಲ

ದರ್ಜಿಯ ಮಗಳನ್ನು ಅವನು ಮೊದಲು ಕಂಡದ್ದು ಒಂದು ಮಧ್ಯಾಹ್ನದ ಬಿಡುವಿನಲ್ಲಿ. ಶಾಲೆಯ ಪ್ರಯೋಗಾಲಯದ ಮೂಲೆಯ ನಲ್ಲಿಯಲ್ಲಿ ಊಟದ ಡಬ್ಬಿ ತೊಳೆದು ತಿರುಗುವಷ್ಟರಲ್ಲಿ, ಕಿಟಕಿ ಪಕ್ಕದ ಅಸ್ಥಿಪಂಜರದ ಹಿಂದೆ ಒಬ್ಬ ಹುಡುಗಿ ಕುಕ್ಕರಗಾಲಲ್ಲಿ ಕೂತಿದ್ದಳು. ಹದಿನೈದು ವರ್ಷವಿದ್ದೀತು. ಎರಡು ಜಡೆ, ಸಮವಸ್ತ್ರದ ತೋಳಿಗೆ ಚುಚ್ಚಿಟ್ಟ ಎರಡು ಗುಂಡುಸೂಜಿ, ಸೂಜಿ ಒತ್ತಿ ಒತ್ತಿ ಗಟ್ಟಿಯಾದ ಬೆರಳ ತುದಿ. ಆ ಬೆರಳನ್ನು ಬೆನ್ನುಮೂಳೆಯ ಉದ್ದಕ್ಕೂ ಮೆಲ್ಲಗೆ ಇಳಿಸುತ್ತ ಬಂದು, ಕಟ್ಟಕಡೆಯ ತುಂಡಿನ ಮೇಲೆ ನಿಲ್ಲಿಸಿದಳು.

"ಮಾಮ, ಇದು ತೇಪೆ ಅಲ್ವಾ?"

ಶಾಲೆಯಲ್ಲಿ ಎಲ್ಲರಿಗೂ ಅವನು ಮೂಳೆ ಮಾಮ. ಅವನ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ.

"ಯಾವ ತೇಪೆ?"

"ಮಿಕ್ಕ ಮೂಳೆಯೆಲ್ಲ ಕೈಗೆ ಒಂಥರಾ, ಇದೊಂದು ಇನ್ನೊಂಥರಾ. ಅಂಗಡಿಗೆ ಬಂದ ಪ್ಯಾಂಟನ್ನ ಕಣ್ಣು ಮುಚ್ಕೊಂಡು ಮುಟ್ಟಿದ್ರೂ ತೇಪೆ ಎಲ್ಲಿದೆ ಅಂತ ಹೇಳ್ತೀನಿ ನಾನು."

"ಹಳೇ ಮೂಳೆ ಹಾಗೇ ಇರುತ್ತೆ. ಹೋಗು, ಗಂಟೆ ಹೊಡೀತು."

ಗಂಟೆ ಹೊಡೆದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಹದಿನೆಂಟು ವರ್ಷದಲ್ಲಿ ಯಾರೂ ಆ ತುಂಡನ್ನು ಮುಟ್ಟಿ ನೋಡಿರಲಿಲ್ಲ. ಹತ್ತನೇ ತರಗತಿ ಓದಿ ಕಸ ಗುಡಿಸಲು ಸೇರಿದ್ದ ಅವನು, ತಂತಿ ಬಿಗಿಯುವುದು, ಬಿದ್ದ ಹಲ್ಲು ಅಂಟಿಸುವುದು ಕಲಿತು, ಪ್ರಯೋಗಾಲಯ ನೋಡಿಕೊಳ್ಳುವ ಸಹಾಯಕನಾಗಿದ್ದ. ಆಗ ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸುವಾಗ ಅಸ್ಥಿಪಂಜರದ ಬಾಲದ ಮೂಳೆ ಎಲ್ಲೋ ಉದುರಿಹೋಯಿತು. ಎರಡು ದಿನದಲ್ಲಿ ತಪಾಸಣೆಯವರು ಬರುವವರಿದ್ದರು. ಅವನು ಪ್ಲಾಸ್ಟರಿನಲ್ಲಿ ಒಂದನ್ನು ಮಾಡಿ, ಬಣ್ಣ ಕೂಡಲೆಂದು ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ, ಕಟ್ಟಿಬಿಟ್ಟ. ಅಷ್ಟೇ ಮಾಡಿದ್ದರೆ ಒಂದು ಮಾತು. ಅಸಲಿ ಮೂಳೆ ಹೆಬ್ಬೆರಳ ಮೇಲಿನ ಗೆಣ್ಣಿನಷ್ಟು, ಒಳಕ್ಕೆ ಬಾಗಿರುವಂಥದ್ದು. ಇವನು ಹಿಂದಿನ ಬೆಂಚಿನವರಿಗೂ ಕಾಣಲಿ ಅಂತ ತೋರುಬೆರಳಷ್ಟು ಉದ್ದ ಮಾಡಿ, ಹೊರಕ್ಕೆ ಬಾಗಿಸಿದ. ತಪಾಸಣೆಯವರು ಬೆನ್ನು ತಟ್ಟಿಹೋದರು. ಆ ತಟ್ಟಿದ್ದು ಬಹಳ ದಿನ ಹಿತವಾಗಿತ್ತು.

ಹುಡುಗಿ ತೇಪೆ ಅಂದ ಮರುದಿನವೇ ಟೀಚರು ಮನುಷ್ಯ ವಿಕಾಸದ ಪಾಠ ತೆಗೆದುಕೊಂಡರು. ಮೊದಲು ಮೂರು ತಲೆಬುರುಡೆ ತೋರಿಸಿ ವಿವರಿಸಿದರು. ಕೋಲಿನ ತುದಿಯನ್ನು ಆ ತುಂಡಿಗೆ ತಾಗಿಸಿ, "ನಮ್ಮ ಪೂರ್ವಜರಿಗೆ ಬಾಲ ಇತ್ತು ಅನ್ನೋದಕ್ಕೆ ಸಾಕ್ಷಿ ಇಲ್ಲೇ ಇದೆ ನೋಡಿ," ಅಂದರು.

ದರ್ಜಿಯ ಮಗಳು ಎದ್ದು ನಿಂತಳು. "ಮೇಡಂ, ಅದು ಮೂಳೆ ಅಲ್ಲ. ಯಾರೋ ಮಾಡಿಟ್ಟಿದ್ದು."

"ನೀನೇನು ಡಾಕ್ಟರೇ?" ಹಿಂದಿನ ಬೆಂಚಿನಿಂದ ಒಬ್ಬ ಅಂದ. "ಇಲ್ಲ ಕಣೋ, ಗುಂಡಿ ಹಾಕೋ ಡಾಕ್ಟ್ರು," ಅಂದ ಪಕ್ಕದವನು. ತರಗತಿ ನಕ್ಕಿತು.

ಟೀಚರ ಮುಖ ಕೆಂಪಾಯಿತು. ಬಾಗಿಲ ಬಳಿ ಡಸ್ಟರ್ ಹಿಡಿದು ನಿಂತಿದ್ದ ಅವನ ಕಡೆ ತಿರುಗಿ, "ಏನ್ರೀ, ನೀವೇ ಹೇಳಿ. ಅಸಲಿ ತಾನೇ?" ಅಂತ ಕೇಳಿದರು.

"ಹೌದು ಮೇಡಂ. ಮೊದಲಿಂದಲೂ ಇದೆ."

ಕ್ಷಮಾಪಣೆ ಬರೆದು ತರುವವರೆಗೆ ತರಗತಿಯ ಹೊರಗೆ ನಿಲ್ಲು ಅಂತ ಅವಳಿಗೆ ಹೇಳಲಾಯಿತು. ಪುಸ್ತಕ ಎದೆಗವಚಿಕೊಂಡು ಅವನ ಮುಂದೆಯೇ ಹಾದುಹೋದಳು. ಸಿಟ್ಟಿನಿಂದ ನೋಡಿದ್ದರೆ ಎಷ್ಟೋ ವಾಸಿಯಿತ್ತು. ಅವಳು ನೋಡಿದ್ದು ಅಳತೆ ತಪ್ಪಿದ ಬಟ್ಟೆಯನ್ನು ನೋಡುವ ಹಾಗೆ.

ಮನೆಯಲ್ಲಿ ತಟ್ಟೆ ಮುಂದೆ ಸುಮ್ಮನೆ ಕೂತವನನ್ನು ಹೆಂಡತಿ ಬಿಡಲಿಲ್ಲ. ಎಲ್ಲ ಕಕ್ಕಿಸಿಕೊಂಡ ಮೇಲೆ, "ಹೆಣಕ್ಕೆ ಬಾಲ ಅಂಟಿಸಿದ್ದು ನೀವು, ಬೈಸ್ಕೊಂಡಿದ್ದು ಮಗು. ಚೆನ್ನಾಗಿದೆ ರೀ ನಿಮ್ಮ ನ್ಯಾಯ," ಅಂದಳು. ಆಮೇಲೆ ಸಾರು ಬಡಿಸಲೂ ಇಲ್ಲ. ಅವನು ಕೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ದರ್ಜಿಯ ಮಗಳು ಪ್ರಯೋಗಾಲಯದ ಹೊಸ್ತಿಲಾಚೆಯೇ ನಿಂತು ಮಡಿಚಿದ ಕಾಗದ ಚಾಚಿದಳು.

"ಮೇಡಂಗೆ ಕೊಟ್ಬಿಡಿ ಮಾಮ. ಅಪ್ಪ ಬರಿ ಅಂದ್ರು, ಬರೆದಿದೀನಿ."

"ಒಳಗೆ ಬಾ."

"ಬೇಡ. ಮೂರು ತಲೆಬುರುಡೆ ತೋರಿಸಿ ಅವತ್ತು ಮೇಡಂ ಏನೇನೋ ಹೇಳಿದ್ರು. ಇದು ಸುಳ್ಳು ಅಂದ್ಮೇಲೆ ಅವೂ ಸುಳ್ಳೇ ಇರ್ಬೇಕು. ಪರೀಕ್ಷೇಲಿ ಬರೀತೀನಿ, ಮಾರ್ಕ್ಸ್ ತಗೋತೀನಿ. ನಂಬೋದಿಲ್ಲ."

ಕಾಗದ ಕೈಯಲ್ಲೇ ಉಳಿಯಿತು. ನಾಲ್ಕಕ್ಷರ ಕಲಿತವರ ಕೈಕೆಳಗೆ ಜೀವಮಾನವಿಡೀ ದುಡಿದವನು ಅವನು. ಆ ನಾಲ್ಕಕ್ಷರದ ಬಾಗಿಲನ್ನು ತನ್ನ ಕೈಯಾರೆ ಒಂದು ಮಗುವಿನ ಮುಖಕ್ಕೆ ಹಾಕಿದ ಹಾಗಾಯಿತು.

ಮೊದಲ ಪಾಠ ಶುರುವಾದಾಗ ಅವನು ತುಂಬಿದ ತರಗತಿಯ ಎದುರಿಗೆ ಅಸ್ಥಿಪಂಜರದ ಹಿಂದೆ ಮಂಡಿಯೂರಿ, ಇಕ್ಕಳದಿಂದ ತಂತಿ ಬಿಚ್ಚಿದ. ತುಂಡನ್ನು ಮೇಜಿನ ಅಂಚಿಗೆ ಕುಕ್ಕಿದ. ಎರಡಾಯಿತು. ಒಳಗೆ ಬೆಳ್ಳಗಿತ್ತು.

"ಇದನ್ನ ಮಾಡಿದ್ದು ನಾನು ಮೇಡಂ. ಹದಿನೆಂಟು ವರ್ಷ ಆಯ್ತು. ಆ ಹುಡುಗಿ ಹೇಳಿದ್ದೇ ಸರಿ. ಅವತ್ತು ನೀವು ಕೇಳಿದಾಗಲೂ ಸುಳ್ಳು ಹೇಳಿದೆ."

ಟೀಚರು ಒಂದು ತುಂಡನ್ನು ಕೈಗೆ ತೆಗೆದುಕೊಂಡು ಬೆರಳಿನಿಂದ ಒತ್ತಿ ನೋಡಿದರು. ಅವರೂ ಹದಿನಾಲ್ಕು ವರ್ಷದ ಹಿಂದೆ ಇದೇ ಕೋಣೆಯ ಎರಡನೇ ಬೆಂಚಿನಲ್ಲಿ ಕೂತಿದ್ದವರು.

"ನಾನೂ ಇದನ್ನೇ ನೋಡಿ ಕಲಿತಿದ್ದು ಮಾಮ," ಅಂದರು. ಟೀಚರಾಗಿ ಬಂದ ಮೇಲೆ ಅವರು ಅವನನ್ನು ಮಾಮ ಅಂದದ್ದು ಅದೇ ಮೊದಲು.

ಟೀಚರೇ ಬಾಗಿಲಿಗೆ ಹೋದರು. "ಬಾಮ್ಮ. ತಪ್ಪು ನಂದು, ಮುಟ್ಟಿ ನೋಡ್ದೆ ಬೈದೆ. ಆ ಕಾಗದ ಬೇಡ."

ಹುಡುಗಿ ಬಂದಳು, ಕೂರಲಿಲ್ಲ. ಅವನು ಕಪಾಟಿನಿಂದ ಮೂರು ತಲೆಬುರುಡೆ ತಂದು ಬುಡ ಮೇಲೆ ಮಾಡಿಟ್ಟ.

"ಇದು ಕೋತೀದು, ಇದು ಮನುಷ್ಯಂದು. ಇದು ಸುಮಾರು ಮೂವತ್ತು ಲಕ್ಷ ವರ್ಷದ ಹಿಂದಿನದರ ನಕಲು. ಇದೂ ಪ್ಲಾಸ್ಟರೇ. ಆದ್ರೆ ನಕಲು ಅಂತ ಚೀಟಿ ಅಂಟಿಸಿದ್ದಾರೆ, ನೋಡು. ನಾನು ಅಂಟಿಸ್ಲಿಲ್ಲ, ಅದೇ ವ್ಯತ್ಯಾಸ. ಬೆನ್ನುಹುರಿ ಇಳಿಯೋ ತೂತಿಗೆ ಬೆರಳಿಡು."

ಅವಳು ಇಟ್ಟಳು. ಕೋತಿಯದರಲ್ಲಿ ಹಿಂದಕ್ಕೆ ಸರಿದಿತ್ತು. ಮನುಷ್ಯನದರಲ್ಲಿ ಸರಿಯಾಗಿ ಕೆಳಗೆ, ನಡುವಿಗೆ. ಹಳೆಯದರ ಮೇಲೆ ಬೆರಳು ತಡೆಯಿತು.

"ಇದರದ್ದೂ ಕೆಳಗೇ ಇದೆ. ಆದ್ರೆ ಬುರುಡೆ ಇಷ್ಟೇ ಇಷ್ಟು."

"ಅಂದ್ರೆ?" ಅಂತ ಅವನು ಕೇಳಿದ.

"ನೀವೇ ಹೇಳಿ."

"ನಾನು ಹೇಳಿದ್ದು ಕೇಳಿ ಸಾಕಾಗಿದೆ ನಿನಗೆ. ಅದೂ ಅಲ್ದೆ ನಾನು ಹತ್ತನೇ ಕ್ಲಾಸು."

ಅವಳು ತಲೆಬುರುಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮೊದಲು ನೆಟ್ಟಗೆ ನಡೆದಿದೆ. ತಲೆ ಆಮೇಲೆ ದೊಡ್ಡದಾಗಿದೆ." ಬುರುಡೆ ಕೆಳಗಿಟ್ಟು, "ಬಾಲದ ಮೂಳೆ ಅಸಲೀದೂ ಇರುತ್ತಾ?" ಅಂದಳು.

"ಇರುತ್ತೆ," ಅಂದರು ಟೀಚರು. "ನಿನಗೂ ಇದೆ, ನನಗೂ ಇದೆ. ಇದಕ್ಕಿಂತ ಚಿಕ್ಕದು."

"ಹಾಗಾದ್ರೆ ಹಳೇ ಬಟ್ಟೇನೇ ಬಿಚ್ಚಿ ಹೊಲಿದಿರೋದು. ಒಳಮಗ್ಗುಲಲ್ಲಿ ಹಳೇ ಸೂಜಿ ತೂತು ಉಳ್ಕೊಂಡಿದೆ."

"ಸರಿ. ಆದ್ರೆ ಇಲ್ಲಿ ದರ್ಜಿ ಯಾರೂ ಇಲ್ಲ. ಅದು ನಾಳೆ ಪಾಠ."

"ಅದನ್ನ ನಾಳೆ ನೋಡೋಣ ಮೇಡಂ. ಇವತ್ತಿಗೆ ಅರ್ಧ ನಂಬಿದೀನಿ," ಅಂತ ಹೋಗಿ ಕೂತಳು.

ಅವನ ನಿವೃತ್ತಿಗೆ ಈಗ ಎರಡು ವರ್ಷವಿದೆ. ಬೆನ್ನುಮೂಳೆಯ ತುದಿಯನ್ನು ಖಾಲಿ ಬಿಟ್ಟಿದ್ದಾನೆ. ಪ್ರತಿ ವರ್ಷ ಹೊಸ ಮಕ್ಕಳು ಬಂದ ಮೊದಲ ದಿನ, ಎರಡಾದ ಪ್ಲಾಸ್ಟರಿನ ತುಂಡನ್ನು ಗಾಜಿನ ಡಬ್ಬಿಯಿಂದ ತೆಗೆದು, ಇದನ್ನು ಮಾಡಿದವನು ನಾನು ಅಂತ ಹೇಳಿ, ಮೊದಲ ಬೆಂಚಿನವರ ಕೈಗೆ ಕೊಡುತ್ತಾನೆ. ಅದು ಕೊನೆಯ ಬೆಂಚು ಮುಟ್ಟಿ ವಾಪಸು ಬಂದ ಮೇಲೆ ಮೂರು ತಲೆಬುರುಡೆ ತಂದಿಡುತ್ತಾನೆ.