ಸೋತವರು ಹೇಳಬೇಕಾದ ಹೆಸರು

ಹೋದ ವಾರ ಬಲ ಹೆಗಲು ಹಿಡಿದುಕೊಂಡಿತು. ಬಟ್ಟೆ ಒಣಹಾಕಲು ಹೋದರೆ ತಂತಿಯ ಮಟ್ಟಕ್ಕೂ ಕೈ ಏಳಲಿಲ್ಲ. ಪಕ್ಕದ ಮನೆಯವರು ಊಟಿಗೆ ಹೋದಾಗ ತಂದಿದ್ದ ನೀಲಗಿರಿ ಎಣ್ಣೆಯ ಸೀಸೆ ಕೊಟ್ಟರು. ಮುಚ್ಚಳ ತೆಗೆದೆ, ಅಷ್ಟೇ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಬೆಳಗು ಎದ್ದು ಬಂತು. ಡೀಸೆಲ್ ಹೊಗೆ, ಡ್ರೈವರ್ ಮುಂದಿನ ಊದುಬತ್ತಿ, ಯಾರದೋ ತಲೆಯ ಮಲ್ಲಿಗೆ, ಎಲ್ಲದರ ಮೇಲೂ ತೆಳ್ಳಗೆ ಹರಡಿರುತ್ತಿದ್ದ ಈ ಘಾಟು. ಇದು ನಮ್ಮ ಕಂಡಕ್ಟರರ ಹೆಗಲಿನ ವಾಸನೆ.

ಚಾಮರಾಜನಗರ ಜಿಲ್ಲೆಯಾದ ಹೊಸತು. ನಾನು ಮೈಸೂರಿನಲ್ಲಿ ಎಂ.ಎ. ಮುಗಿಸಿ ಚಾಮರಾಜನಗರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಮನೆ ಗುಂಡ್ಲುಪೇಟೆಯಲ್ಲಿ. ಬೆಳಗಿನ ಪ್ರೈವೇಟ್ ಬಸ್ಸಿನ ಮುಂದಿನ ಸೀಟುಗಳೆಲ್ಲ ನನ್ನಂಥ ದಿನನಿತ್ಯದವರದು, ಹೆಚ್ಚಿನವರು ಹೊಸ ಹೊಸ ಕಚೇರಿಗಳ ಗುಮಾಸ್ತರು. ಕಂಡಕ್ಟರರು ದಾರಿಯಲ್ಲಿ ಸಿಗುವ ಉಡಿಗಾಲದವರು. ಐವತ್ತರ ಹತ್ತಿರದ ಎತ್ತರದ ಮನುಷ್ಯ. ಪ್ರಾಯದಲ್ಲಿ ಉಡಿಗಾಲದ ವಾಲಿಬಾಲ್ ಟೀಮಿನಲ್ಲಿ ಸ್ಮ್ಯಾಶ್ ಹೊಡೆದು ಹೊಡೆದು ಬಲಗೈ ಎದೆಯಿಂದ ಮೇಲಕ್ಕೆ ಏಳದ ಹಾಗಾಗಿತ್ತು. ಗಂಟೆಯ ಹಗ್ಗವನ್ನು ಎಡಗೈಯಲ್ಲಿ ಎಳೆಯುತ್ತಿದ್ದರು. ದಿನವೂ ಎಣ್ಣೆ ತಿಕ್ಕಿಕೊಂಡೇ ಬಸ್ ಹತ್ತುತ್ತಿದ್ದರು.

ಆ ಬಸ್ಸಿನಲ್ಲಿ ಒಂದು ಚರ್ಚೆ ನಡೆಯುತ್ತಿತ್ತು. ಸುತ್ತಿನ ಒಂದೊಂದು ಊರಿನ ವಾಲಿಬಾಲ್ ಟೀಮನ್ನೂ ತೆಗೆದುಕೊಂಡು, ಟೀಮು ಹುಟ್ಟಿದಂದಿನಿಂದ ಅದರಲ್ಲಿ ಆಡಿದವರಲ್ಲೆಲ್ಲ ದೊಡ್ಡ ಆಟಗಾರ ಯಾರು ಎಂದು ತೀರ್ಮಾನಿಸುವುದು. ಒಂದು ಊರು ಮುಗಿಯಲು ಕೆಲವು ಸಲ ವಾರ ಹಿಡಿಯುತ್ತಿತ್ತು. ಮೊದಮೊದಲು ಎಲ್ಲರೂ ತಮ್ಮೂರಿನವನನ್ನೇ ಹೊಗಳಿ ಮಾತು ಜಗಳಕ್ಕೆ ತಿರುಗುತ್ತಿತ್ತಂತೆ. ಆಗ ಕಂಡಕ್ಟರರೇ ಒಂದು ರೂಲ್ಸು ಮಾಡಿದರು. ಆಯಾ ಊರಿನವನು ಬಾಯಿ ಬಿಡುವಂತಿಲ್ಲ. ಆ ಊರಿನ ಎದುರು ಆಡಿ ಸೋತವರು ಮಾತ್ರ ಹೆಸರು ಹೇಳಬೇಕು.

"ಗೆದ್ದೋನು ತನ್ ಕೈಯ ನೋಡ್ಕಂಡಿರ್ತಾನೆ," ಎನ್ನುತ್ತಿದ್ದರು. "ಸೋತೋನು ಎದುರುಗಡೆಯೋನ ನೋಡಿರ್ತಾನೆ. ಅವನೇ ಯೋಳ್ಲಿ."

ಅವರು ಇದೇ ಮಾತು ಹೇಳಿದ್ದರೇ, ಅಥವಾ ನಾನು ಈಗ ತಿದ್ದಿ ನೇರ ಮಾಡುತ್ತಿದ್ದೇನೆಯೇ... ಗೊತ್ತಿಲ್ಲ. ಆದರೆ ಆ ರೂಲ್ಸಿನಿಂದ ಆದದ್ದು ಮಾತ್ರ ನಾನು ಕಣ್ಣಾರೆ ಕಂಡದ್ದು. ಗಂಡಸರು ಇನ್ನೊಂದು ಊರಿನವರನ್ನು ಮನಸಾರೆ ಹೊಗಳುವುದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಭೀಮನಬೀಡಿನವರು, ತಮ್ಮೂರಿಗೆ ಆಡಿದ್ದವರು. ಚಂದಕವಾಡಿಯ ಎಡಗೈ ಆಟಗಾರನೊಬ್ಬನ ಸರ್ವೀಸಿನ ಬಗ್ಗೆ ಅವರು ಹೇಳಿದ್ದು ನೆನಪಿದೆ. "ಆ ಚೆಂಡು ಬತ್ತಿದ್ರೆ ನಮ್ಮೋರು ಕಣ್ಮುಚ್ಕತಿದ್ರು ಕಣ್ರಪ್ಪ. ನಾನೂ ಮುಚ್ಕತಿದ್ದೆ." ಸೋಲನ್ನು ಹೇಳಿಕೊಳ್ಳುವಾಗ ಅವರ ಮುಖದಲ್ಲಿ ಒಂಥರಾ ಹೆಮ್ಮೆಯಿತ್ತು.

ಎಷ್ಟೋ ಊರುಗಳು ಮುಗಿದವು. ಉಡಿಗಾಲದ ಸರದಿ ಮಾತ್ರ ಬರಲಿಲ್ಲ. ಬಸ್ಸಿನಲ್ಲಿ ಉಡಿಗಾಲದ ಎದುರು ಆಡಿ ಸೋತವರು ಭೀಮನಬೀಡಿನ ಗುಮಾಸ್ತರೊಬ್ಬರೇ. ಅವರು, ನಾಳೆ ನೋಡೋಣ, ಇನ್ನೂ ಯೋಚಿಸಬೇಕು ಎಂದು ತಳ್ಳುತ್ತಿದ್ದರು. ಕಂಡಕ್ಟರರು ತಮ್ಮ ರೂಲ್ಸಿಗೆ ತಾವೇ ಸಿಕ್ಕಿಕೊಂಡಿದ್ದರು. ತಮ್ಮ ಹೆಸರು ತಾವು ಹೇಳುವಂತಿಲ್ಲ. ಟಿಕೆಟ್ ಹರಿಯುತ್ತಾ ಬಂದು ಗುಮಾಸ್ತರ ಸೀಟಿನ ಹತ್ತಿರ ನಿಂತು ಸುಮ್ಮನೆ ಹೆಗಲು ತಿಕ್ಕಿಕೊಳ್ಳುತ್ತಿದ್ದರು. ಗುಂಡ್ಲುಪೇಟೆಯ ಸಾಬರೊಬ್ಬರು ನಮ್ಮ ಡ್ರೈವರ್. ಅವರಿಗೆ ಕನ್ನಡಿಯಲ್ಲಿ ಎಲ್ಲ ಕಾಣುತ್ತಿತ್ತು. "ಎಗಲು ತೋರ್ಸಿ ಓಟು ಕೇಳ್ಬ್ಯಾಡ ಕಣ್ಲಾ!" ಎಂದು ಕೂಗುತ್ತಿದ್ದರು. ಬಸ್ಸು ನಗುತ್ತಿತ್ತು. ಕಂಡಕ್ಟರರೂ ನಗುತ್ತಿದ್ದರು, ಸ್ವಲ್ಪ ತಡವಾಗಿ. ಅವರಿಗೆ ಆ ಒಂದು ಹೆಸರು ಬೇಕಾಗಿತ್ತು. ಒಂದು ಕೈಯನ್ನೇ ಕೊಟ್ಟು ಆಡಿದ ಆಟಕ್ಕೆ ಎದುರಾಳಿಯ ಬಾಯಿಂದ ಒಂದು ಮಾತು.

ಒಂದು ಬೆಳಿಗ್ಗೆ, ತೆರಕಣಾಂಬಿ ದಾಟಿದ ಮೇಲೆ, ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿಯೇಬಿಟ್ಟರು.

"ನೀನು ಒಡೀತಿದ್ದೆ, ಇಲ್ಲ ಅನ್ನಾಕಿಲ್ಲ. ಆದ್ರೆ ನಾವು ನಿನ್ನ ನೋಡ್ತಾನೇ ಇರ್ನಿಲ್ಲ ಕಣಯ್ಯಾ. ನಿಮ್ಮ ಲಿಫ್ಟ್ರು ಒಬ್ಬ ಇದ್ನಲ್ಲ, ಕುಳ್ಳಕೆ? ಅವನ ಬೆರಳು ನೋಡ್ಕಂಡು ನಿಂತಿರ್ತಿದ್ದೊ. ಚೆಂಡ ಎಡಕ್ ಎತ್ತನೋ ಬಲಕ್ ಎತ್ತನೋ ಗೊತ್ತಾಗೋ ಒತ್ಗೆ ನೀನು ಒಡ್ದು ಆಗಿರದು. ಉಡಿಗಾಲ ಅಂದ್ರೆ ನನಗೆ ಅವ್ನೇ. ಈಗ ಎಲ್ಲವ್ನೋ, ಬದುಕವ್ನೋ ಇಲ್ವೋ..."

ಲಿಫ್ಟರ್ ಎಂದರೆ ನೆಟ್ಟಿನ ಹತ್ತಿರ ನಿಂತು, ಹೊಡೆಯುವವನಿಗೆ ಚೆಂಡು ಎತ್ತಿ ಕೊಡುವವನು. ಚಪ್ಪಾಳೆ ಅವನಿಗೆ ಬೀಳುವುದಿಲ್ಲ. ಕಂಡಕ್ಟರರು "ಟಿಕೆಟ್, ಟಿಕೆಟ್" ಎನ್ನುತ್ತಾ ಹಿಂದಕ್ಕೆ ಹೋದರು. ಎಲ್ಲರೂ ಆಗಲೇ ಟಿಕೆಟ್ ತೆಗೆದುಕೊಂಡಾಗಿತ್ತು.

ಆ ವರ್ಷದ ನನ್ನ ಡೈರಿ ಈಗಲೂ ಇದೆ. ಮೊನ್ನೆ ತೆಗೆದು ನೋಡಿದೆ. ಸಂಬಳ ಬರದಿದ್ದುದು, ಪಾಠ ಮುಗಿಯದಿದ್ದುದು, ಬಸ್ಸು ತಡವಾದದ್ದು, ಇಷ್ಟೇ. ಇದರ ಬಗ್ಗೆ ಒಂದು ಸಾಲೂ ಇಲ್ಲ. ಮುಖ್ಯವಾದದ್ದು ಯಾವುದು ಎಂದು ಆಗ ನನಗೆ ತಿಳಿಯುತ್ತಿರಲಿಲ್ಲವೋ, ಅಥವಾ ಈಗ ಸುಮ್ಮನೆ ಮುಖ್ಯ ಮಾಡಿಕೊಳ್ಳುತ್ತಿದ್ದೇನೋ.

ಆಮೇಲೆ ಕೆಲವು ದಿನ ಚರ್ಚೆ ನಡೆಯಲಿಲ್ಲ. ಒಂದು ಸೋಮವಾರ ಉಡಿಗಾಲದವರು ಹತ್ತುವ ಜಾಗದಲ್ಲಿ ಬಸ್ಸು ನಿಂತಾಗ, ಟೊಮೆಟೊ ಬುಟ್ಟಿಗಳೊಂದಿಗೆ ಒಬ್ಬ ಕುಳ್ಳ ಮನುಷ್ಯ ಹಿಂದಿನ ಬಾಗಿಲಲ್ಲಿ ಹತ್ತಿದ. ಸಂತೆಯ ಮಾಲು ತರುವ ಅವನನ್ನು ನಾವೆಲ್ಲ ಎಷ್ಟೋ ಸೋಮವಾರ ನೋಡಿದ್ದೆವು. ಅವನು ಬುಟ್ಟಿಗಳ ಪಕ್ಕದಲ್ಲೇ ನಿಂತು ಬರುತ್ತಿದ್ದ. ಕಂಡಕ್ಟರರು ಲಗೇಜಿನ ಚಾರ್ಜು ತೆಗೆದುಕೊಂಡು ಮುಂದಕ್ಕೆ ಬರುತ್ತಿದ್ದರು. ಆ ದಿನ ಬರಲಿಲ್ಲ, ಅವನ ಹತ್ತಿರವೇ ನಿಂತರು.

"ಬಾ ಕಣ್ಲಾ ಮುಂದ್ಕೆ."

"ಯಾಕ್ಲಾ? ಬುಟ್ಟಿ ಅವೆ ಇಲ್ಲಿ."

"ನಿನ್ ಬುಟ್ಟಿಯ ಯಾರೂ ತಿನ್ನಾಕಿಲ್ಲ, ಬಾ ಅಂದ್ರೆ."

ರಟ್ಟೆ ಹಿಡಿದು ಕರೆತಂದು ಗುಮಾಸ್ತರ ಮುಂದೆ ನಿಲ್ಲಿಸಿದರು. "ಸಾ, ಬದುಕವ್ನೋ ಇಲ್ವೋ ಅಂತಿದ್ರಲ್ಲ. ಇಕಳ್ಳಿ, ನಿಮ್ಮ ಉಡಿಗಾಲ."

ಕಂಡಕ್ಟರರು ಹೇಳದಿದ್ದರೆ ಇವನೇ ಆ ಲಿಫ್ಟರ್ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗುಮಾಸ್ತರು ಎದ್ದು ನಿಂತರು. ಆ ಮನುಷ್ಯನ ಎರಡೂ ಕೈ ಹಿಡಿದುಕೊಂಡು ಬೆರಳುಗಳನ್ನೇ ನೋಡಿದರು. ಟೊಮೆಟೊ ಗಿಡದ ಹಸಿರುಗಪ್ಪು ಕಲೆ ಹಿಡಿದ ಬೆರಳುಗಳು, ಒಂದೆರಡು ಸೊಟ್ಟ. ವಿಷಯವೆಲ್ಲ ತಿಳಿದಾಗ ಲಿಫ್ಟರ್ ನಾಚಿಕೊಂಡು ನಕ್ಕ.

"ಸುಮ್ಕಿರಿ ಸಾ. ನಾನು ಬರೀ ಎತ್ತಿ ಕೊಡ್ತಿದ್ದೋನು. ಎಂಗೆ ಕೊಟ್ರೂ ಒಡೀತಿದ್ದೋನು ಇವ್ನು. ನಾನು ಕೆಟ್ಟದಾಗಿ ಎತ್ತಿದ್ದ ಚೆಂಡ್ನೆಲ್ಲ ಎಟುಕಿಸ್ಕಂಡು ಒಡ್ದೇ ಕಣ ಇವ್ನ ಎಗ್ಲು ಕೆಟ್ಟೋದದ್ದು. ಉಡಿಗಾಲಕ್ಕೆ ಇವ್ನೊಬ್ನೇ."

ಹಿಂದಿನಿಂದ ಯಾರೋ ಕೂಗಿದರು. "ಅದೇ ಊರೋನು ಮಾತಾಡಂಗಿಲ್ಲ! ರೂಲ್ಸು ರೂಲ್ಸೇ!" ಡ್ರೈವರ್ ಹಾರನ್ ಒತ್ತಿ, "ಓಟು ಕ್ಯಾನ್ಸಲ್!" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಕಂಡಕ್ಟರರು, "ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ!" ಎಂದು ಕೈಯಾಡಿಸುತ್ತಾ ನಕ್ಕರು. ನಂತರ ತಟ್ಟನೆ ಬಾಗಿಲ ಕಡೆ ತಿರುಗಿ ನಿಂತರು. ಬಹಳ ಹೊತ್ತು ಹಾಗೇ ನಿಂತಿದ್ದರು, ಗಾಳಿಗೆ ಮುಖ ಕೊಟ್ಟು.

ಮುಂದಿನ ಸ್ಟಾಪಿನಲ್ಲಿ ಅವರು ಕೈ ಪೂರ್ತಿ ಮೇಲೆತ್ತಿ ಗಂಟೆಯ ಹಗ್ಗ ಎಳೆದರು. ನನ್ನ ನೆನಪಿನಲ್ಲಿ ಅದು ಬಲಗೈ. ಆಗುವ ಮಾತಲ್ಲ ಅದು, ನನಗೆ ಗೊತ್ತು. ಎಷ್ಟು ಸಲ ತಿದ್ದಿಕೊಂಡರೂ ಅದು ಎಡಗೈ ಆಗುವುದಿಲ್ಲ.

ಮರುವರ್ಷ ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಹೇಳಿ ಹೋಗಬೇಕೆಂದುಕೊಂಡಿದ್ದೆ... ಹೇಳಿದೆನೋ ಇಲ್ಲವೋ. ಬಹಳ ವರ್ಷಗಳ ಮೇಲೆ ಆ ಗುಮಾಸ್ತರು ಒಂದು ಮದುವೆಯಲ್ಲಿ ಸಿಕ್ಕಿ, ಕಂಡಕ್ಟರರು ತೀರಿಕೊಂಡ ವಿಷಯ ಹೇಳಿದರು. ಆಗಲೇ ಹಳೆಯ ಸುದ್ದಿ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಆ ಲಿಫ್ಟರೂ ಇದ್ದನಂತೆ. ಕುಳ್ಳನಾದ್ದರಿಂದ ಅವನ ಹೆಗಲು ಚಟ್ಟಕ್ಕೆ ಎಟುಕಲಿಲ್ಲ, ದಾರಿಯುದ್ದಕ್ಕೂ ಎರಡೂ ಕೈ ಎತ್ತಿ ಹಿಡಿದುಕೊಂಡೇ ಬಂದನಂತೆ.

ಕಂಡಕ್ಟರರ ರೂಲ್ಸಿನ ಪ್ರಕಾರ ಅವರ ಬಗ್ಗೆ ಇಷ್ಟೆಲ್ಲ ಹೇಳಲು ನನಗೆ ಹಕ್ಕಿಲ್ಲ. ನಾನು ಅವರ ಎದುರು ನಿಂತು ಸೋತವಳಲ್ಲ, ಅವರ ಬಸ್ಸಿನವಳು. ಲೆಕ್ಕಕ್ಕಿಲ್ಲ.

ಎಣ್ಣೆ ಹಚ್ಚಿಕೊಂಡು ಸ್ವಲ್ಪ ಹೊತ್ತು ಕುಳಿತೆ. ಆಮೇಲೆ ಎದ್ದು, ಉಳಿದ ಬಟ್ಟೆಯನ್ನು ಎಡಗೈಯಲ್ಲಿ ಒಣಹಾಕಿದೆ.