ಗೌಡರ ಸೋಮವಾರದ ದನಿ

ಕಂಪ್ಲಿಯ ಗೌಡರ ನಾಯಿಗೆ ನಾನು ಕಲಿಸಬೇಕಾಗಿದ್ದು ಒಂದೇ ವಿದ್ಯೆ: ಯಜಮಾನರು ಕರೆದರೆ ಬರಬೇಕು. ಕಬ್ಬಿಗೆ ನುಗ್ಗುವ ಹಂದಿಗಳನ್ನು ಅಟ್ಟಿಸಿಕೊಂಡು ಅದು ಹೊಳೆ ದಂಡೆಯವರೆಗೂ ಹೋಗಿಬಿಡುತ್ತಿತ್ತು. ಗೌಡರು ಗಂಟಲು ಹರಿದುಕೊಂಡರೂ ತಿರುಗಿ ನೋಡುತ್ತಿರಲಿಲ್ಲ.

ಈ ಕಸುಬು ನಾನು ಕಲಿತದ್ದು ಹೊಸಪೇಟೆಯಲ್ಲಿ, ರೈಲ್ವೆ ದೊರೆಯೊಬ್ಬರ ಬಂಗಲೆಯಲ್ಲಿ. ಅಲ್ಲಿಯ ನಾಯಿಗಳಿಗೆಲ್ಲ ಇಂಗ್ಲಿಷು ತಿಳಿಯುತ್ತಿತ್ತು, ತಿಳಿಯದವನು ನಾನೊಬ್ಬನೇ. ದೊರೆಗೆ ಮದ್ರಾಸಿಗೆ ವರ್ಗವಾದ ಮೇಲೆ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ: “ಗೌಡ್ರು ಮೆಚ್ಚಿದ್ರ ಸರಿ. ಇಲ್ಲಂದ್ರ ನಾಯಿ ಚಾಕರಿ ಸಾಕು, ನಿಮ್ಮ ಮಾವನ ಆಲೆಮನ್ಯಾಗ ಬೆಲ್ಲದ ಒಲಿಗೆ ಉರಿ ಹಾಕಾಕ ನಡಿ!” ಆ ಒಲೆಯ ಮುಂದೆ ಬೇಯುವುದಕ್ಕಿಂತ ನಾಯಿಯಿಂದ ಕಚ್ಚಿಸಿಕೊಳ್ಳುವುದೇ ವಾಸಿ ಎನ್ನುವ ಪೈಕಿ ನಾನು.

ಗೌಡರೋ, ಒಂದು ದಿನವೂ ನಾಯಿಯ ಹತ್ತಿರ ನಿಲ್ಲಲಿಲ್ಲ. “ಕಲಿಸಾಂವ ನೀನು, ಅದು ಕೇಳಬೇಕಾದ್ದು ನನ್ನ ಮಾತು” ಎಂದು ಹೇಳಿ ಮಲಗಲು ಹೋಗುವರು. ಇನ್ನೇನು ಮಾಡಲಿ? ನಾನೇ ಗೌಡನಾದೆ. ಅಣಕಿಸುವ ಚಾಳಿ ಹೇಗೂ ಇತ್ತು. ಅವರ ಬಾಯಲ್ಲಿ ಸದಾ ಎಲೆ ಅಡಿಕೆ. ನಾನೂ ದವಡೆ ತುಂಬ ಎಲೆ ತುರುಕಿ, ರಸ ಚೆಲ್ಲದಂತೆ ಗದ್ದ ಮೇಲೆತ್ತಿ, ಹೊಟ್ಟೆ ಮುಂದೆ ಮಾಡಿ, ಪಂಚೆ ಎತ್ತಿ ಹಿಡಿದು, ಅವರಂತೆಯೇ ‘ಬಾರ್ಲೇ’ ಎನ್ನಲಾಗದೆ “ಬಾವ್ಲೇ ಇಲ್ಲಿ!” ಎಂದು ಗುಡುಗುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ನಾಯಿ ಓಡಿ ಬರತೊಡಗಿತು. ನನ್ನ ಬಾಯಿ ಸುಣ್ಣಕ್ಕೆ ಬೆಂದುಹೋಯಿತು.

ಪರೀಕ್ಷೆಯ ದಿನ ಗೌಡರು ಅಕ್ಕಪಕ್ಕದ ಹೊಲದವರನ್ನೂ ಕರೆಸಿ ಕಟ್ಟೆಯ ಮೇಲೆ ಕೂರಿಸಿದ್ದರು. ಗೌಡತಿ ಬಾಗಿಲಲ್ಲಿ ನಿಂತಿದ್ದರು. ನಾಯಿಯನ್ನು ದೂರ ಬಿಟ್ಟೆ. ಗೌಡರು ಕರೆದರು: “ಬಾರ್ಲೇ ಇಲ್ಲಿ!”

ಸ್ವಚ್ಛ, ತೆಳ್ಳನೆಯ ದನಿ. ಬೆಚ್ಚಿಬಿದ್ದು ನೋಡಿದರೆ ಗೌಡರ ಬಾಯಿ ಖಾಲಿ! ಅಂದು ಶ್ರಾವಣ ಸೋಮವಾರ. ಸಂಜೆ ಪೂಜೆಯಾಗುವವರೆಗೆ ಅವರಿಗೆ ಉಪವಾಸ, ಎಲೆ ಅಡಿಕೆಯೂ ಇಲ್ಲ. ನನ್ನ ತಲೆಗೆ ಇಷ್ಟು ಹೊಳೆದಿರಲಿಲ್ಲ. ನಾಯಿ ಯಾರೋ ದಾರಿಹೋಕ ಕೂಗಿದನೇನೋ ಎಂಬಂತೆ ಕಿವಿ ಕೆರೆದುಕೊಂಡಿತು.

“ಇದನಾ ನೀ ಕಲಿಸಿದ್ದು?”

“ಗೌಡ್ರ, ಸಂಜಿಗೆ ಕರದು ನೋಡ್ರಿ...”

“ಸಂಜಿತನ ಹಂದಿ ಕಾಯ್ತಾವೇನಲೇ? ನೀನ ಕರಿ, ನೋಡೋಣು!”

ಕಣ್ಣ ಮುಂದೆ ಬೆಲ್ಲದ ಒಲೆ ಧಗಧಗಿಸಿತು. ಕೆನ್ನೆ ಉಬ್ಬಿಸಿದೆ, ಗದ್ದ ಎತ್ತಿದೆ, ಹೊಟ್ಟೆ ಮುಂದೆ ಮಾಡಿದೆ, ಪಂಚೆ ಹಿಡಿದೆ. “ಬಾವ್ಲೇ ಇಲ್ಲಿ!”

ನಾಯಿ ಬಾಣದಂತೆ ಬಂದು ನನ್ನ ಕಾಲ ಬಳಿ ಕೂತಿತು. ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡತಿ ಸೆರಗು ಬಾಯಿಗೆ ಒತ್ತಿಕೊಂಡು, “ಅಯ್ಯ, ಥೇಟ್ ನೀವ ರೀ!” ಎಂದುಬಿಟ್ಟರು.

ಗೌಡರು ಎತ್ತಿ ಹಿಡಿದಿದ್ದ ತಮ್ಮ ಪಂಚೆಯನ್ನು ತಟ್ಟನೆ ಕೆಳಗೆ ಬಿಟ್ಟರು.

“ನಾಯಿ ಬಂತಲ್ಲ, ಕೆಲಸಕ್ಕ ಇರು. ಆದ್ರ ನನ್ನ ಸೋಮವಾರದ ದನಿನೂ ಕಲಿಸಬೇಕು.”

“ಕಲಿಸ್ತೀನ್ರಿ!”

“ದನಿ ಸರಿಯಾಗಿ ಬರಬೇಕಲ್ಲ? ಸೋಮವಾರ ನೀನೂ ಉಪಾಸ ಇರು.”

ಒಲೆ ತಪ್ಪಿತು. ಆದರೆ ಆ ಶ್ರಾವಣದ ಉಳಿದ ಸೋಮವಾರಗಳೆಲ್ಲ ನಾಯಿ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿತ್ತು, ನಾನು ಬಿಸಿಲಲ್ಲಿ ನಿಂತು ಅದನ್ನು ಕರೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಆ ತೆಳ್ಳನೆಯ ದನಿ, ಅಣಕಿಸುವ ಗೋಜೇ ಇಲ್ಲದೆ, ತಾನಾಗಿಯೇ ಬರುತ್ತಿತ್ತು.